ಮಂಡ್ಯ ಸೀಮೆಯ ವೈದ್ಯವಿದ್ಯಾರ್ಥಿಗಳು: ಓದಿನ ಹೊರೆಯ ಒಂದು ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಟ್ಟಿಗೆ ವೈದ್ಯಶಿಕ್ಷಣದ ಚರಿತ್ರೆಯು ಬಹುಕಾಲ ಊರು ಬಿಟ್ಟು ಹೋಗಿ ಓದಿದವರ ಚರಿತ್ರೆಯೇ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಾಗ ಈ ಸೀಮೆ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆಯ ನಾಲೆಯ ನೀರು ಮತ್ತು 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಕಬ್ಬು ಬೆಳೆಯುವ ಕುಟುಂಬಗಳ ಕೈಗೆ ಒಂದಿಷ್ಟು ಹಣ ತಂದು, ಮಕ್ಕಳನ್ನು ದೊಡ್ಡ ಓದಿಗೆ ಕಳುಹಿಸುವ ಹಂಬಲಕ್ಕೆ ಆಧಾರವಾದವು. ಕೆ.ವಿ. ಶಂಕರಗೌಡರ ನೇತೃತ್ವದಲ್ಲಿ 1962ರಲ್ಲಿ ಮಂಡ್ಯಕ್ಕೆ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಬಂದಿತಾದರೂ ವೈದ್ಯವಿದ್ಯಾಲಯಕ್ಕಾಗಿ ಜಿಲ್ಲೆ ಇನ್ನೂ ಕಾಯಬೇಕಾಯಿತು. ನಾಗಮಂಗಲ ತಾಲ್ಲೂಕಿನಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ಮಂಡ್ಯದ ಜಿಲ್ಲಾ ಆಸ್ಪತ್ರೆಯನ್ನೇ ಬೋಧನಾಸ್ಪತ್ರೆಯಾಗಿಸಿಕೊಂಡು 2006ರಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಆರಂಭವಾದವು.

ಕಾಲೇಜು ಹತ್ತಿರವಾಯಿತೆಂದ ಮಾತ್ರಕ್ಕೆ ಓದಿನ ಹೊರೆ ಇಳಿಯಲಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಗಳು, ಅಂಗರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ ಶಾಸ್ತ್ರಗಳನ್ನು ಕಲಿಸುವ ಮೊದಲ ಹಂತವನ್ನು ಒಂದೂವರೆ ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದ್ದರಿಂದ, ಅದೇ ದಪ್ಪ ಪುಸ್ತಕಗಳನ್ನು ಮೊದಲಿಗಿಂತ ಕಡಿಮೆ ಅವಧಿಯಲ್ಲಿ ಓದಿ ಮುಗಿಸಬೇಕಾಯಿತು. 2017ರಿಂದ ರಾಜ್ಯದ ಸರ್ಕಾರಿ ಸೀಟುಗಳಿಗೂ ನೀಟ್ ಪರೀಕ್ಷೆಯೇ ಬಾಗಿಲಾದ ಮೇಲೆ, ಎರಡು ವರ್ಷ ಕೋಚಿಂಗಿನಲ್ಲಿ ದಣಿದು ಬಂದವರು ಬಿಡುವಿಲ್ಲದೆ ಈ ಓದಿಗೆ ಇಳಿಯುವಂತಾಯಿತು.

ಹೊರೆ ಅತ್ಯಂತ ತೀಕ್ಷ್ಣವಾಗಿ ಕಾಣುವುದು ವೈವಾದಲ್ಲಿ, ಅಂದರೆ ಪರೀಕ್ಷಕರ ಎದುರು ಕುಳಿತು ಬಾಯಿಮಾತಿನಲ್ಲಿ ಉತ್ತರಿಸುವ ಪರೀಕ್ಷೆಯಲ್ಲಿ. ಮೇಜಿನ ಮೇಲಿನ ತಟ್ಟೆಯಿಂದ ತೊಡೆಮೂಳೆಯೊಂದನ್ನು ಕೈಗೆ ಕೊಟ್ಟಾಗ, ವಿದ್ಯಾರ್ಥಿ ಅದು ಎಡಗಾಲಿನದೋ ಬಲಗಾಲಿನದೋ ಎಂದು ಮೊದಲು ಹೇಳಿ, ದೇಹದಲ್ಲಿ ಇರುವ ಹಾಗೆಯೇ ಅದನ್ನು ಹಿಡಿದು ತೋರಿಸಿ, ಯಾವ ಸ್ನಾಯು ಎಲ್ಲಿ ಅಂಟಿಕೊಳ್ಳುತ್ತದೆಂದು ಬೆರಳಿಟ್ಟು ವಿವರಿಸಬೇಕು. ಇದಕ್ಕೆ ಬೇಕಾದ ಅಭ್ಯಾಸ ನಡೆಯುವುದು ತರಗತಿಗಿಂತ ಹೆಚ್ಚಾಗಿ ಹಾಸ್ಟೆಲಿನಲ್ಲಿ. ಬೋನ್ ಸೆಟ್, ಅಂದರೆ ಓದಿಗೆಂದು ಇಟ್ಟುಕೊಳ್ಳುವ ಮೂಳೆಗಳ ಗಂಟು, ಸೀನಿಯರ್‌ನಿಂದ ಜೂನಿಯರ್‌ಗೆ ದಾಟುವುದು ವೈದ್ಯಕೀಯ ಕಾಲೇಜುಗಳ ಹಳೆಯ ರೂಢಿ. ಅದರೊಡನೆ ಹಳೆಯ ಪ್ರಶ್ನೆಪತ್ರಿಕೆಗಳೂ, ಯಾವ ಅಧ್ಯಾಯವನ್ನು ಮೊದಲು ಹಿಡಿಯಬೇಕೆಂಬ ತಿಳಿವಳಿಕೆಯೂ, ಫೇಲಾದವರು ಮತ್ತೆ ಎದ್ದು ನಿಂತ ಕಥೆಗಳೂ ದಾಟುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಮಕ್ಕಳಿಗೆ ಇನ್ನೊಂದು ಹೊರೆಯಿತ್ತು. ವಿಷಯ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಉತ್ತರ ಹೊರಡದೆ ತಡವರಿಸುವಾಗ, ತಾವು ದಡ್ಡರೆಂಬ ಭಾವನೆ ಅವರಲ್ಲಿ ಬೇರೂರುವ ಅಪಾಯವಿರುತ್ತಿತ್ತು. ಆದರೆ ವಾರ್ಡಿನ ಪೋಸ್ಟಿಂಗ್, ಅಂದರೆ ರೋಗಿಯ ಹಾಸಿಗೆಯ ಬಳಿ ನಡೆಯುವ ಕಲಿಕೆ, ಆರಂಭವಾದೊಡನೆ ಸ್ಥಿತಿ ತಿರುಗುತ್ತದೆ. ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಬಂದ ರೈತ ಮಹಿಳೆ ತನ್ನ ಸುಸ್ತು, ಸಂಕಟ, ಹೊಟ್ಟೆ ಉಬ್ಬರಗಳನ್ನು ಹೇಳಿಕೊಳ್ಳುವಾಗ, ಆ ಮಾತಿನ ಒಳಹೊರಗನ್ನು ಬಲ್ಲ ವಿದ್ಯಾರ್ಥಿಯೇ ರೋಗದ ಪೂರ್ವವೃತ್ತಾಂತವನ್ನು ಸರಿಯಾಗಿ ದಾಖಲಿಸಬಲ್ಲವನಾಗುತ್ತಾನೆ.

ಈ ಕಷ್ಟಗಳನ್ನು ನಿಯಮಗಳು ಗುರುತಿಸಿದ್ದು ತಡವಾಗಿ. 2019ರ ಪಠ್ಯಕ್ರಮವು ಮೊದಲ ವರ್ಷದ ಆರಂಭದಲ್ಲಿ ಒಂದು ತಿಂಗಳ ಫೌಂಡೇಶನ್ ಕೋರ್ಸ್, ಅಂದರೆ ಹೊಸಬರನ್ನು ಓದಿಗೆ ಅಣಿಗೊಳಿಸುವ ತರಗತಿಗಳನ್ನು ತಂದಿತು. ಅದರ 175 ಗಂಟೆಗಳಲ್ಲಿ 40 ಗಂಟೆ ಭಾಷೆ ಮತ್ತು ಕಂಪ್ಯೂಟರ್ ಕೌಶಲಕ್ಕೂ, 22 ಗಂಟೆ ಆಟೋಟ ಮತ್ತು ಇತರ ಚಟುವಟಿಕೆಗಳಿಗೂ ಮೀಸಲಾದವು. ಫೇಲಾದವರಿಗೆ ಬೇಗನೆ ಪೂರಕ ಪರೀಕ್ಷೆ ನಡೆಸಿ, ಪಾಸಾದವರನ್ನು ಮೂಲ ಬ್ಯಾಚಿಗೇ ಸೇರಿಸುವ ವ್ಯವಸ್ಥೆಯನ್ನೂ ಅದು ವಿಧಿಸಿತು. ಜೊತೆಯವರಿಂದ ಬೇರ್ಪಡುವ ಅವಮಾನವನ್ನು ತಗ್ಗಿಸುವ ದೃಷ್ಟಿಯಿಂದ ಇದು ಸಣ್ಣ ಸುಧಾರಣೆಯಲ್ಲ. 2022ರ ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯದ ನೆರವಿಗಾಗಿ ಟೆಲಿ ಮಾನಸ್ ಸಹಾಯವಾಣಿ (14416) ಆರಂಭವಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ನೀಡಿದ ವರದಿಗಾಗಿ ದೇಶದಾದ್ಯಂತ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇರುವುದು ಪತ್ತೆಯಾಗಿದೆಯೆಂದು ತಿಳಿಸಿದ್ದು, ಇದು ಕೆಲವೇ ದುರ್ಬಲರ ಸಮಸ್ಯೆಯೆಂಬ ಹಳೆಯ ನಂಬಿಕೆಯನ್ನು ಅಲ್ಲಗಳೆಯಿತು.

ಸೀನಿಯರ್‌ಗಳ ಮಾರ್ಗದರ್ಶನ, ಹಾಸ್ಟೆಲಿನ ಜೊತೆಓದು, ಮನೆಮಾತಿನ ಬಲ ಇವೆಲ್ಲವೂ ನಿಯಮಗಳಿಗಿಂತ ಮೊದಲೇ ವಿದ್ಯಾರ್ಥಿಗಳನ್ನು ಕಾಪಾಡಿದವು. ಆದರೆ ಅವು ಒದಗುತ್ತಿದ್ದುದು ಸ್ನೇಹ ಸಿಕ್ಕವರಿಗೆ ಮಾತ್ರ. ಸಂಕೋಚದಿಂದ ಕೊಠಡಿಯಲ್ಲೇ ಉಳಿದವರಿಗೆ ಅವು ಎಟುಕಲಿಲ್ಲ. ಅದೃಷ್ಟವಿದ್ದವರಿಗೆ ದಕ್ಕುತ್ತಿದ್ದ ಆಸರೆಯನ್ನು ಪ್ರತಿಯೊಬ್ಬರ ಹಕ್ಕಾಗಿಸುವ ಹೊಣೆ ಈಗ ಕಾಲೇಜುಗಳದು, ಮತ್ತು ಮಗ ಅಥವಾ ಮಗಳು ಒಂದು ವಿಷಯದಲ್ಲಿ ಹಿಂದೆ ಬಿದ್ದರೆ ಅದನ್ನು ಮನೆತನದ ಸೋಲೆಂದು ಎಣಿಸದಿರುವ ಹೊಣೆ ಕುಟುಂಬಗಳದು.