ಕೈಯ ಅರಿವು

ಪಡೀಲಿನ ಮನೆಜಗಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನಾನು ಅನೇಕ ವೇಳೆ ನೋಡಿದ್ದೇನೆ. ಮಡಿಲ ಮೇಲೆ ತಡ್ಪೆ; ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ದೃಷ್ಟಿ ರಸ್ತೆಯ ಮೇಲೆ, ಮಾತು ನೆರೆಯವಳೊಡನೆ. ಕೈಗಳು ಮಾತ್ರ ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿಯುತ್ತಲೇ ಇರುತ್ತವೆ. ಇದೆಲ್ಲ ಬರಿಯ ಸ್ಪರ್ಶಜ್ಞಾನವೆನ್ನೋಣವೇ? ಬೆರಳು ಎಲೆಯನ್ನು ಮುಟ್ಟುವ ಮುನ್ನವೇ ತೋಳು ತಡ್ಪೆಯತ್ತ ನೇರವಾಗಿ ಹೋಗಿರುತ್ತದಲ್ಲ!

ನಮ್ಮ ಹಿರಿಯರು ಚರ್ಮವನ್ನು ಜ್ಞಾನೇಂದ್ರಿಯಗಳಲ್ಲಿಯೂ ಕೈಯನ್ನು ಕರ್ಮೇಂದ್ರಿಯಗಳಲ್ಲಿಯೂ ಎಣಿಸಿದರು. ಅಂಗವು ತಾನಿರುವ ಎಡೆಯನ್ನು ತಾನೇ ಅರಿಯುವ ಇಂದ್ರಿಯಕ್ಕೆ ಅರಿಸ್ಟಾಟಲನ ಐದರಲ್ಲಿಯೂ ಸ್ಥಳವಿರಲಿಲ್ಲ. ಬೀಡಿಗೆ ಸಾವಿರದ ಲೆಕ್ಕದಲ್ಲಿ ಕೂಲಿ ಎಣಿಸುವ ನಾವೂ ಅದನ್ನು ಬರಿಯ ಕೈಕೆಲಸವೆಂದೇ ಕರೆಯುತ್ತೇವೆ. ಇದು ಅನ್ಯಾಯವೆಂದು ನನ್ನ ಭಾವನೆ.

ಸ್ನಾಯುಗಳ ಸ್ಥಿತಿ ಮಿದುಳಿಗೆ ತಿಳಿಯುತ್ತದೆಂದು 1826ರಲ್ಲಿ ಚಾರ್ಲ್ಸ್ ಬೆಲ್ ವಾದಿಸಿದನು. 1906ರಲ್ಲಿ ಷೆರಿಂಗ್‌ಟನ್ ಈ ಅರಿವಿಗೆ ಶಾಸ್ತ್ರೀಯವಾದ ಹೆಸರನ್ನೂ ಕೊಟ್ಟನು. ಈ ನಡುವೆ, 1867ರಲ್ಲಿ ಮುಗಿದ ದೃಷ್ಟಿಶಾಸ್ತ್ರದ ಮಹಾಗ್ರಂಥದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಒಂದು ಸೊಗಸಾದ ಪ್ರಯೋಗವನ್ನು ವರ್ಣಿಸಿದನು. ನೋಟವನ್ನು ಪಕ್ಕಕ್ಕೆ ಸರಿಸುವ ಪಟ್ಟಕದ ಮೂಲಕ ನೋಡಿ ವಸ್ತುವಿಗೆ ಕೈ ಚಾಚಿದರೆ ಗುರಿ ತಪ್ಪುತ್ತದೆ. ಹಲವು ಸಲ ಯತ್ನಿಸಿದರೆ ಕೈ ತಿದ್ದಿಕೊಳ್ಳುತ್ತದೆ. ಪಟ್ಟಕವನ್ನು ತೆಗೆದೊಡನೆ ತಪ್ಪು ಎದುರು ದಿಕ್ಕಿಗೆ!

ಹಾಗಾದರೆ ಕಣ್ಣಿಗೇ ಯಜಮಾನಿಕೆಯೋ? ಹಾಗೇನೂ ಇಲ್ಲ. ಲಂಡನ್ನಿನಲ್ಲಿ ವಾನ್ ಬೀರ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಯಾವ ಇಂದ್ರಿಯದ ಸುದ್ದಿ ಹೆಚ್ಚು ಖಚಿತವೋ ಅದಕ್ಕೆ ಮಿದುಳು ಹೆಚ್ಚು ತೂಕ ಕೊಡುತ್ತದೆ. ಕೈ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬಲ್ಲಿ ಕಣ್ಣಿನ ಮಾತು ನಡೆಯುತ್ತದೆ. ಮೈಯಿಂದ ಎಷ್ಟು ದೂರ ಚಾಚಿದೆ ಎಂಬಲ್ಲಿ ಸ್ನಾಯು ಕೀಲುಗಳದೇ ಮೇಲುಗೈ.