ಕಂಬಂ ಕಣಿವೆಯ ಕಳ್ಳರ್ ಶಾಲೆಗಳು

ತಮಿಳುನಾಡಿನ ಮದುರೈ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ‘ಸರ್ಕಾರಿ ಕಳ್ಳರ್ ಶಾಲೆ’ ಎಂಬ ಹೆಸರು ಹೊತ್ತ ಸುಮಾರು 300 ಶಾಲೆಗಳಿವೆ. ಕಳ್ಳರ್ ಎಂಬುದು ಇಲ್ಲಿ ಜಾತಿಯ ಹೆಸರು. ಆ ಜಾತಿಯ ಪಿರಮಲೈ ಕಳ್ಳರ್ ಎಂಬ ಶಾಖೆಯ ಮಕ್ಕಳಿಗಾಗಿ 1920ರಿಂದೀಚೆಗೆ ತೆರೆದ ಶಾಲೆಗಳಿವು. ಹಳ್ಳಿಗಾಡಿನ ಕಳವನ್ನು ಅಕ್ಷರ, ಬಾವಿ, ಸಾಲ, ಕೂಲಿ ಕೆಲಸಗಳಿಂದ ತಗ್ಗಿಸಬೇಕೆಂದು ಮದ್ರಾಸ್ ಸರ್ಕಾರ ಆಗ ಕೈಗೊಂಡ ಯೋಜನೆ ಇವಕ್ಕೆ ಮೂಲ. ಅದೇ ಸರ್ಕಾರ ಅದೇ ವರ್ಷಗಳಲ್ಲಿ ಅದೇ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತ್ತು.

ಪಿರಮಲೈ ಕಳ್ಳರ ಮೂಲ ನೆಲೆ ಮದುರೈಗೆ ಪಶ್ಚಿಮದಲ್ಲಿರುವ ಉಸಿಲಂಪಟ್ಟಿ, ತಿರುಮಂಗಲಂ ಸುತ್ತಿನ ಒಣಭೂಮಿ. ಎಂಟು ನಾಡುಗಳಾಗಿ ಹಂಚಿಕೊಂಡಿದ್ದ ಈ ಸೀಮೆಯಲ್ಲಿ ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ. ಇಲ್ಲಿಯವರ ಮುಖ್ಯ ಕಸುಬು ಕಾವಲು. ಹದಿನೇಳನೇ ಶತಮಾನದಲ್ಲಿ ಮದುರೈಯನ್ನಾಳಿದ ತಿರುಮಲ ನಾಯಕ ಇವರ ಮುಖಂಡನಾದ ಪಿನ್ನೈ ತೇವನಿಗೆ ಮನ್ನಣೆ ಕೊಟ್ಟಿದ್ದ. ಹೊಲ, ಕೊಟ್ಟಿಗೆ, ಬೀದಿಗಳನ್ನು ಕಾಯುವುದು, ಅದಕ್ಕೆ ಪ್ರತಿಯಾಗಿ ಊರವರಿಂದ ಧಾನ್ಯವನ್ನೋ ಹಣವನ್ನೋ ಪಡೆಯುವುದು ರೂಢಿ. ಕಳುವಾದ ದನವನ್ನು ಪತ್ತೆ ಮಾಡಿ ತಂದುಕೊಟ್ಟರೆ ‘ತುಪ್ಪು ಕೂಲಿ’ ಎಂಬ ಬೇರೆಯೇ ಸಂಭಾವನೆ ಇತ್ತು. ಕಾವಲಿನ ಹಣ ನಿಂತ ಮನೆಯಲ್ಲಿ ದನ ಕಾಣೆಯಾಗುತ್ತಿದ್ದುದೂ ಉಂಟು. ಕಾವಲು ಮತ್ತು ಬೆದರಿಕೆಯ ನಡುವಿನ ಗೆರೆ ತೆಳುವಾಗಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಂಪನಿ ಸರ್ಕಾರ ತನ್ನದೇ ಪೊಲೀಸ್ ವ್ಯವಸ್ಥೆ ತಂದು ಕಾವಲಿಗಿದ್ದ ಮನ್ನಣೆಯನ್ನು ಕಿತ್ತುಕೊಂಡಿತು. ಆದರೆ ಆ ಕಸುಬನ್ನೇ ನೆಚ್ಚಿದ್ದವರಿಗೆ ಬೇರೆ ಜೀವನೋಪಾಯ ಒದಗಿಸಲಿಲ್ಲ. ಮುಂದಿನ ನೂರು ವರ್ಷಗಳ ಕಷ್ಟಕ್ಕೆ ಬೇರು ಇಲ್ಲಿದೆ.

1895ರಲ್ಲಿ ಪೆರಿಯಾರ್ ಅಣೆಕಟ್ಟೆ ಮುಗಿಯಿತು. ಕರ್ನಲ್ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಈ ಕಟ್ಟೆ ಪಶ್ಚಿಮಕ್ಕೆ ಹರಿಯುತ್ತಿದ್ದ ನದಿಯನ್ನು ತಡೆದು, ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿತು. ಗೂಡಲೂರು, ಕಂಬಂ, ಉತ್ತಮಪಾಳ್ಯಂ ಸುತ್ತಿನ ಹೊಲಗಳು ಭತ್ತದ ಗದ್ದೆಗಳಾದವು. ವೈಗೈ ನದಿಗೆ ಸೇರಿದ ನೀರು ಮದುರೈ, ಮೇಲೂರು ಕಡೆಗೆ ಹರಿದರೂ ನಡುವೆ ಎತ್ತರದಲ್ಲಿದ್ದ ಉಸಿಲಂಪಟ್ಟಿಗೆ ಏರಲಿಲ್ಲ. ನೀರು ತಮ್ಮಲ್ಲಿಗೆ ಬಾರದಿದ್ದಾಗ ಕಳ್ಳರ್ ಕುಟುಂಬಗಳು ನೀರಿದ್ದಲ್ಲಿಗೆ ಹೋದವು. ಕಂಬಂ ಕಣಿವೆಯಲ್ಲಿ ಅವರು ಕೂಲಿಯಾಳುಗಳಾಗಿ, ಗೇಣಿದಾರರಾಗಿ, ಪಾಳುಭೂಮಿ ಹಸನು ಮಾಡುವವರಾಗಿ ನೆಲೆಸಿದರು. ಅಲ್ಲಿ ಮೊದಲಿನಿಂದಲೂ ಬೇಸಾಯ ಮಾಡಿಕೊಂಡಿದ್ದವರಲ್ಲಿ ಕನ್ನಡ ಮಾತಾಡುವ ಕಪ್ಪಿಲಿಯರೂ ಇದ್ದರು. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ವಲಸೆ ಬಂದ ಈ ಒಕ್ಕಲು ಮಕ್ಕಳು ಕಂಬಂನಲ್ಲಿ ದೇವರ ಹೆಸರಿನ ದನದ ಹಿಂಡನ್ನು ಇಂದಿಗೂ ಸಾಕುತ್ತಾರೆ. ದನವೇ ಸಂಪತ್ತಾಗಿದ್ದ ಕಣಿವೆಯಲ್ಲಿ ದನಗಳ್ಳತನದ ಭಯ ಎಷ್ಟಿದ್ದಿರಬೇಕೆಂದು ಊಹಿಸಬಹುದು.

ಆ ಭಯ 1896ರಲ್ಲಿ ಸಿಟ್ಟಾಗಿ ಸ್ಫೋಟಿಸಿತು. ದಿಂಡಿಗಲ್ ಕಡೆಯ ಪಶುಪಾಲಕ ಸಮುದಾಯದ ಅಮ್ಮಯ್ಯಪ್ಪ ಕೋನ್ ಎಂಬಾತನ ಮುಂದಾಳತ್ವದಲ್ಲಿ ಹಳ್ಳಿಗರು ಚಂದಾ ಎತ್ತಿ ನಿಧಿ ಕೂಡಿಸಿದರು. ಕಳವಾದರೆ ನಷ್ಟವನ್ನು ನಿಧಿಯಿಂದ ತುಂಬಿಕೊಡುವುದು, ಕಳ್ಳರ್ ಕಾವಲುಗಾರರನ್ನು ಬಿಡಿಸಿ ಬೇರೆಯವರನ್ನು ನೇಮಿಸುವುದು ಅದರ ಉದ್ದೇಶ. ಚಳವಳಿ ಸುತ್ತಲ ತಾಲ್ಲೂಕುಗಳಿಗೆ ಹರಡಿ ಮನೆಗಳಿಗೆ ಬೆಂಕಿ ಬಿತ್ತು, ಕಳ್ಳರ್ ಕುಟುಂಬಗಳು ಊರು ಬಿಡಬೇಕಾಯಿತು. ಕಾವಲು ತಪ್ಪಿದವರ ಹೊಟ್ಟೆಪಾಡೇನೆಂದು ಅಲ್ಲಿ ಯಾರೂ ಯೋಚಿಸಲಿಲ್ಲ.

ಸರ್ಕಾರದ ಉತ್ತರ ಇನ್ನೂ ಕಠೋರವಾಗಿತ್ತು. ಉತ್ತರ ಭಾರತದಲ್ಲಿ 1871ರಿಂದ ಇದ್ದ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ಬಂತು. 1914ರಲ್ಲಿ ಮದುರೈ ಬಳಿಯ ಕೀಳಕುಯಿಲ್‌ಕುಡಿಯ ಕಳ್ಳರ ಮೇಲೆ, ಬಳಿಕ ಇಡೀ ಪಿರಮಲೈ ಸಮುದಾಯದ ಮೇಲೆ ಅದನ್ನು ಹೇರಿದರು. ವಯಸ್ಕ ಗಂಡಸರು ಬೆರಳಚ್ಚು ಕೊಡಬೇಕಿತ್ತು, ರಾತ್ರಿ ಠಾಣೆಯಲ್ಲೋ ಚಾವಡಿಯಲ್ಲೋ ಹಾಜರಿ ಹಾಕಬೇಕಿತ್ತು, ಪರ ಊರಿಗೆ ಹೋಗಲು ರಾಹದಾರಿ ಚೀಟಿ ಪಡೆಯಬೇಕಿತ್ತು. ಒಮ್ಮೆಯೂ ಕದಿಯದ ರೈತನಿಗೂ ಬಿಡುಗಡೆ ಇರಲಿಲ್ಲ. ರಾತ್ರಿ ಹೊಲಕ್ಕೆ ನೀರು ಕಟ್ಟಬೇಕಾದವನು, ಹೆರಿಗೆ ನೋವಿನಲ್ಲಿರುವ ಹೆಂಡತಿಯ ಬಳಿ ಇರಬೇಕಾದವನು ಕೂಡ ಹಾಜರಿ ತಪ್ಪಿಸಿದರೆ ಶಿಕ್ಷೆಗೆ ಗುರಿಯಾಗುತ್ತಿದ್ದ. ಜನ ಇದನ್ನು ‘ಕೈರೇಖೆ ಕಾಯ್ದೆ’ ಎಂದು ಕರೆದರು. 1920ರ ಏಪ್ರಿಲ್ 3ರಂದು ಪೆರುಂಗಾಮನಲ್ಲೂರಿನ ಜನ ಬೆರಳಚ್ಚು ಕೊಡಲು ಒಪ್ಪದಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 16 ಮಂದಿ ಸತ್ತರು. ಅವರಲ್ಲಿ ಮಾಯಕ್ಕಾಳ್ ಎಂಬ ಹೆಂಗಸೂ ಒಬ್ಬಳು. ಈ ಸಮುದಾಯದ ಪರವಾಗಿ ನಿಂತ ಮದುರೈಯ ವಕೀಲ ಜಾರ್ಜ್ ಜೋಸೆಫ್ ಅವರನ್ನು ಕಳ್ಳರು ‘ರೋಸಾಪೂ ದೊರೆ’ ಎಂದು ಪ್ರೀತಿಯಿಂದ ಕರೆದರು.

ಕಳ್ಳರ್ ಸುಧಾರಣಾ ಯೋಜನೆ ಶುರುವಾದದ್ದೂ ಆ ಹೊತ್ತಿನಲ್ಲೇ. ಮೊದಲ ಹೆಜ್ಜೆ ಹಳ್ಳಿಗೊಂದು ಶಾಲೆ. ಜೊತೆಗೆ ದೂರದ ಮಕ್ಕಳಿಗೆ ಊಟ, ವಸತಿ ಕೊಡುವ ಹಾಸ್ಟೆಲ್, ಮುಂದೆ ಓದುವವರಿಗೆ ವಿದ್ಯಾರ್ಥಿವೇತನ. ಸಹಕಾರ ಸಂಘಗಳು ಬಾವಿ ತೋಡಲು, ಎತ್ತು ಕೊಳ್ಳಲು ಕಡಿಮೆ ಬಡ್ಡಿಗೆ ಸಾಲ ಕೊಟ್ಟವು. ಸರ್ಕಾರಿ ಭೂಮಿಯನ್ನು ಸಾಗುವಳಿಗೆ ಮಂಜೂರು ಮಾಡಲಾಯಿತು. ಮದುರೈಯ ಹಾರ್ವೆ ಮಿಲ್ಲಿನಲ್ಲಿ, ಬೆಟ್ಟದ ಮೇಲಿನ ಕಾಫಿ, ಚಹಾ ತೋಟಗಳಲ್ಲಿ ಕೂಲಿ ಕೆಲಸ ಸಿಗುವಂತೆ ನೋಡಿಕೊಂಡರು. ಊರೂರಿನಲ್ಲಿ ಪಂಚಾಯಿತಿ ರಚಿಸಿ, ತಮ್ಮವರ ನಡತೆಗೆ ಆ ಪಂಚಾಯಿತಿಯೇ ಜವಾಬ್ದಾರಿ ಹೊರಬೇಕೆಂದರು.

ಈ ಯೋಜನೆಯ ದೊಡ್ಡ ಗುಣ ಜನರನ್ನು ಅವರ ಊರಿನಲ್ಲೇ ಬಿಟ್ಟದ್ದು. ಅದೇ ಕಾಲದಲ್ಲಿ ಮುಂಬೈ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇದೇ ಕಾಯ್ದೆಗೊಳಪಟ್ಟವರಿಗಾಗಿ ಸೆಟ್ಲಮೆಂಟ್‌ಗಳನ್ನು ನಡೆಸುತ್ತಿದ್ದರು. ಅಲ್ಲಿಯೂ ಶಾಲೆಯಿತ್ತು, ಮಿಲ್ಲಿನ ಕೆಲಸವಿತ್ತು. ಆದರೆ ಕುಟುಂಬಗಳನ್ನು ತಂದು ಬೇಲಿಯೊಳಗೆ ಇಟ್ಟಿದ್ದರು. ಕಳ್ಳರ್ ನಾಡಿನಲ್ಲಿ ಹೊಲ, ಕುಲದೇವರು, ನೆಂಟಸ್ತಿಕೆ ಯಾವುದೂ ಕೈಬಿಡಲಿಲ್ಲ. ಹಾಗಾಗಿ ಶಾಲೆ ಹೊರಗಿನವರ ಶಿಕ್ಷೆಯಾಗಿ ಉಳಿಯದೆ ಊರಿನ ಸ್ವತ್ತಾಗಲು ದಾರಿಯಾಯಿತು. ಕಳವು ಇಳಿಯಿತೆಂದು ಸರ್ಕಾರಿ ವರದಿಗಳು ಬರೆದುಕೊಂಡವು. ರಾತ್ರಿ ಹಾಜರಿಯೂ ಜೊತೆಗೇ ನಡೆಯುತ್ತಿದ್ದುದರಿಂದ ಆ ಇಳಿಕೆಯ ಶ್ರೇಯ ಯಾವುದಕ್ಕೆ ಎಷ್ಟು ಎಂಬುದನ್ನು ಆ ವರದಿಗಳಿಂದಷ್ಟೇ ಅಳೆಯಲಾಗದು. ಹಾಜರಿ ಪುಸ್ತಕ ಮುಚ್ಚಿದ ಮೇಲೂ ಈ ಹಳ್ಳಿಗಳು ಬೇಸಾಯ, ವಿದ್ಯೆ, ನೌಕರಿಗಳ ಕಡೆಗೇ ನಡೆದವು. ಶಾಲೆ, ಬಾವಿಗಳ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಕಾಯ್ದೆಯ ವಿರುದ್ಧ ಮುತ್ತುರಾಮಲಿಂಗ ತೇವರ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದರು. ಮದ್ರಾಸ್ ಪ್ರಾಂತದಲ್ಲಿ ಅದು 1947ರಲ್ಲಿ ರದ್ದಾಯಿತು, ಇಡೀ ದೇಶದಲ್ಲಿ 1952ರಲ್ಲಿ. ಶಾಲೆಗಳು ಮುಂದುವರಿದವು. ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದ್ಯೂಮೊ ಈ ಸಮುದಾಯವನ್ನು ಕುರಿತು 1957ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಪ್ರಸಿದ್ಧ. ಆನಂದ್ ಪಾಂಡಿಯನ್ 2009ರ ತಮ್ಮ ಪುಸ್ತಕದಲ್ಲಿ ಕಂಬಂ ಕಣಿವೆಯ ಕಳ್ಳರು ಬೇಸಾಯವನ್ನೂ ನಡತೆಯನ್ನೂ ಒಟ್ಟಿಗೆ ರೂಢಿಸಿಕೊಂಡ ಬಗೆಯನ್ನು ವಿವರಿಸಿದರು. ಕಣಿವೆಯಲ್ಲಿ ಈಗ ದ್ರಾಕ್ಷಿ, ಬಾಳೆ ಬೆಳೆಯುತ್ತವೆ. ಪೆನ್ನಿಕ್ವಿಕ್ ಹುಟ್ಟಿದ ಜನವರಿ 15ರಂದು ರೈತರು ಪೊಂಗಲ್ ಇಡುತ್ತಾರೆ. ಉಸಿಲಂಪಟ್ಟಿಯವರು ಮಾತ್ರ ವೈಗೈ ಅಣೆಕಟ್ಟೆಯಿಂದ ತಮ್ಮ 58 ಹಳ್ಳಿಗಳಿಗೆ ಕಾಲುವೆ ಬೇಕೆಂದು ದಶಕಗಳ ಕಾಲ ಕೇಳುತ್ತಲೇ ಇರಬೇಕಾಯಿತು.

ಪಿರಮಲೈ ಕಳ್ಳರು ಇಂದು ತಮಿಳುನಾಡಿನಲ್ಲಿ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಗೊಂಡ ಸಮುದಾಯಗಳ ಸಾಲಿನಲ್ಲಿದ್ದು, ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಪಡೆಯುತ್ತಾರೆ. ಕಳ್ಳರ್ ಶಾಲೆಗಳನ್ನು ಬೇರೆ ಇಲಾಖೆಗಳ ಶಾಲೆಗಳೊಂದಿಗೆ ಶಾಲಾ ಶಿಕ್ಷಣ ಇಲಾಖೆಯ ಕೆಳಗೆ ತರುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಪ್ರಕಟಿಸಿತು. ಶಾಲೆಯ ಹೆಸರಿನಲ್ಲಿ ಜಾತಿ ಇರಬಾರದು ಎಂಬ ವಾದಕ್ಕೆ ತೂಕವಿದೆ. ಉಸಿಲಂಪಟ್ಟಿಯಿಂದ ತೇನಿಯವರೆಗೆ ಪ್ರತಿಭಟಿಸಿದ ಜನರ ಮಾತಿಗೂ ತೂಕವಿದೆ: ಹೆಸರಿನೊಂದಿಗೆ ತಮಗಾದ ಅನ್ಯಾಯದ ದಾಖಲೆ, ತಮ್ಮ ಹಾಸ್ಟೆಲ್‌ಗಳು, ಆಸ್ತಿಗಳು ಕೈತಪ್ಪಿ ಹೋಗಬಾರದೆಂಬುದು ಅವರ ಬೇಡಿಕೆ.