ಆಕಾಶದ ಸಿಂಹಾಸನ ಯಾರದು?

ಸ್ವರ್ಗಕ್ಕೂ ಒಡೆಯರಿದ್ದರು. ಇದನ್ನು ನಾವು ತಮಾಷೆಗೆ ಹೇಳುತ್ತಿಲ್ಲ. ನಮ್ಮ ಹಳ್ಳಿಗಳ ಬಯಲಲ್ಲಿ, ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ, ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ, ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಯಾರವನು? ಒಡೆಯನಿಗಾಗಿ, ಊರಿಗಾಗಿ, ಊರ ದನಗಳಿಗಾಗಿ ಹೊಡೆದಾಡಿ ಸತ್ತವನು. ಸರಿ, ಅವನಿಗೆ ಗೌರವ ಸಲ್ಲಲಿ. ಆದರೆ ಒಡೆಯನ ವಿರುದ್ಧವೇ ಎದ್ದು ನಿಂತು, ಒಡೆಯನ ಕೈಯಿಂದಲೇ ಸತ್ತವನಿಗೆ ಕಲ್ಲು ನಿಲ್ಲಿಸಿದವರು ಯಾರು? ಅವನನ್ನು ಎತ್ತಿಕೊಂಡು ಹೋಗಲು ಯಾವ ಅಪ್ಸರೆ ಬಂದಳು?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಕ್ರೈಸ್ತರ ಒಂದು ನಂಬಿಕೆಯನ್ನು ನೋಡಬೇಕಾಗಿದೆ. ಶಿಲುಬೆಯ ಮೇಲೆ ಸತ್ತ ಯೇಸು ಮತ್ತೆ ಎದ್ದ, ಆಕಾಶಕ್ಕೆ ಏರಿಹೋದ, ದೇವರ ಬಲಗಡೆ ಕೂತು ಆಳುತ್ತಿದ್ದಾನೆ ಅಂತ ಅವರು ಹೇಳುತ್ತಾರೆ. ಈಸ್ಟರಿನಿಂದ 40ನೆಯ ದಿನ ಅದಕ್ಕೊಂದು ಹಬ್ಬವೂ ಇದೆ. ನಮ್ಮ ಚಳವಳಿಯ ಗೆಳೆಯರು ಅನೇಕರು ಇದನ್ನು ಕೇಳಿ ನಗುತ್ತಾರೆ. ಮೇಲೆ ಕೂತು ಆಳುವವನಿಂದ ಕೆಳಗೆ ಒದೆ ತಿನ್ನುವವನಿಗೆ ಏನು ಬಂತು ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಮಾತ್ರ ಚರಿತ್ರೆಗೆ ಹೋಗಬೇಕು. ಈ ಮಾತನ್ನು ಮೊದಲು ಆಡಿದವರು ಯಾರು, ಯಾರ ಮುಖಕ್ಕೆ ಆಡಿದರು, ಆಮೇಲೆ ಅದು ಯಾರ ಕೈಗೆ ಸಿಕ್ಕಿತು ಅನ್ನುವುದನ್ನು ನೋಡಬೇಕು.

ಆ ಕಾಲದಲ್ಲಿ ಆಕಾಶಕ್ಕೆ ಏರಿಹೋಗುವುದು ರೋಮ್ ಚಕ್ರವರ್ತಿಗಳ ಸೊತ್ತಾಗಿತ್ತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಕೊಲೆಯಾದ. ಅದೇ ವರ್ಷ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಿತು. ಅದು ದೇವರುಗಳ ಜೊತೆ ಸೇರಿಕೊಂಡ ಸೀಸರನ ಆತ್ಮ ಅಂತ ಜನ ನಂಬಿದರು. ಸೆನೆಟ್ ಸೀಸರನನ್ನು ದೇವರೆಂದು ಘೋಷಿಸಿತು. ಅವನ ದತ್ತುಮಗ ಸಲೀಸಾಗಿ ದೇವರ ಮಗನಾಗಿಬಿಟ್ಟ. ಇವನೇ ಅಗಸ್ಟಸ್ ಚಕ್ರವರ್ತಿ. ಕ್ರಿ.ಶ. 14ರಲ್ಲಿ ಇವನೂ ಸತ್ತ. ಇವನು ಆಕಾಶಕ್ಕೆ ಏರಿಹೋಗುವುದನ್ನು ಕಣ್ಣಾರೆ ಕಂಡೆ ಅಂತ ನ್ಯುಮೇರಿಯಸ್ ಆಟಿಕಸ್ ಎಂಬ ಸೆನೆಟರ್ ಪ್ರಮಾಣ ಮಾಡಿದ. ಆ ಸಾಕ್ಷಿಗೆ ಚಕ್ರವರ್ತಿಯ ಹೆಂಡತಿ ಲಿವಿಯಾ ಕೊಟ್ಟ ಇನಾಮು ಹತ್ತು ಲಕ್ಷ ಸೆಸ್ಟರ್ಸ್ ಎಂದು ಕ್ಯಾಸಿಯಸ್ ಡಿಯೊ ಎಂಬ ಚರಿತ್ರೆಕಾರ ಬರೆದಿಟ್ಟಿದ್ದಾನೆ. ಆಗ ರೋಮಿನ ಕಾಲಾಳು ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ನೀವೇ ಲೆಕ್ಕ ಹಾಕಿ. ಆ ಒಂದು ಸಾಕ್ಷಿಯ ಬೆಲೆ ಗಳಿಸಬೇಕಾದರೆ ಸೈನಿಕನೊಬ್ಬ 1,100 ವರ್ಷ ದುಡಿಯಬೇಕು!

ಮುಂದೆ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯದ ಮೇಲೆ, ಇವನು ದೇವರಾದ ಅಗಸ್ಟಸನ ಮಗ ಅಂತ ಅಚ್ಚು ಹಾಕಿಸಿದರು. ತೆರಿಗೆ ಕಟ್ಟುವ ರೈತ, ಸಂತೆಗೆ ಹೋಗುವ ಬೆಸ್ತ, ಎಲ್ಲರ ಕೈಯಲ್ಲೂ ಈ ದೇವರಪಟ್ಟದ ರುಜು. ಇದು ಭಕ್ತಿಯಲ್ಲ, ಆಡಳಿತ. ಅಪ್ಪ ಆಕಾಶದಲ್ಲಿ, ಮಗ ಅರಮನೆಯಲ್ಲಿ. ಎದುರು ಮಾತಾಡಿದವನು ದೇವರಿಗೇ ಎದುರು ಮಾತಾಡಿದ ಹಾಗೆ.

ಹಾಗೆ ಎದುರು ಮಾತಾಡಿದವರಿಗಾಗಿ ಇದ್ದದ್ದೇ ಶಿಲುಬೆ. ಅದು ಗುಲಾಮರ ಸಾವು, ದಂಗೆಯೆದ್ದವರ ಸಾವು. ಸ್ಪಾರ್ಟಕಸ್ ನಾಯಕತ್ವದ ಗುಲಾಮರ ದಂಗೆಯನ್ನು ಅಡಗಿಸಿದ ಮೇಲೆ, ಕ್ರಿ.ಪೂ. 71ರಲ್ಲಿ, ಸೆರೆಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮಿನವರೆಗೆ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೆ ಹೊಡೆದರು. ಹಾದುಹೋಗುವವರು ನೋಡಲಿ ಅಂತಲೇ ಹೊಡೆದದ್ದು. ಶಿಲುಬೆಗೇರಿದವನ ಹೆಸರೂ ಉಳಿಯಬಾರದು, ಮಾನವೂ ಉಳಿಯಬಾರದು.

ಇಂಥ ಸಾಮ್ರಾಜ್ಯದ ಒಂದು ಮೂಲೆಯಲ್ಲಿ, ಕ್ರಿ.ಶ. 30ರ ಸುಮಾರಿಗೆ, ಗಲಿಲಾಯದ ಒಬ್ಬ ಬಡಗಿಯನ್ನು ಪೊಂತ್ಯ ಪಿಲಾತನ ಆಳ್ವಿಕೆ ಇದೇ ಶಿಲುಬೆಗೆ ಹಾಕಿತು. ಕೆಲವೇ ದಿನಗಳಲ್ಲಿ ಅವನ ಜೊತೆಗಿದ್ದ ಬೆಸ್ತರು, ಹೆಂಗಸರು ಊರ ಬೀದಿಯಲ್ಲಿ ನಿಂತು ಹೇಳತೊಡಗಿದರು: ಅವನು ಎದ್ದಿದ್ದಾನೆ, ಆಕಾಶಕ್ಕೆ ಏರಿದ್ದಾನೆ, ದೇವರ ಬಲಗಡೆ ಕೂತಿದ್ದಾನೆ. ಅಂದರೆ ಏನಾಯಿತು? ಸೀಸರನಿಗೆ ಮೀಸಲಾಗಿದ್ದ ಜಾಗದಲ್ಲಿ ಸೀಸರನ ಆಳುಗಳು ಕೊಂದವನನ್ನು ಕೂರಿಸಿದರು. ಗುಲಾಮರ ಸಾವು ಸತ್ತವನಿಗೆ ಚಕ್ರವರ್ತಿಯ ಪಟ್ಟ ಕಟ್ಟಿದರು. ಈ ಸಾಕ್ಷಿಗಳಿಗೆ ಹತ್ತು ಲಕ್ಷದ ಇನಾಮು ಸಿಗಲಿಲ್ಲ. ಚಾವಟಿ ಏಟು ಸಿಕ್ಕಿತು, ಸೆರೆಮನೆ ಸಿಕ್ಕಿತು.

ನಮ್ಮ ನಡುವೆ ದೇವರನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ಮೋಡದೊಳಗೆ ಏರಿಹೋದದ್ದು ನಿಜವೆ, ಸುಳ್ಳೆ ಎಂಬ ಜಗಳಕ್ಕೆ ನಾವು ಇಲ್ಲಿ ಕೂತಿಲ್ಲ. ಆ ಮಾತು ಆ ಜನರಿಗೆ ಏನು ಮಾಡಿತು ಅನ್ನುವುದು ನಮ್ಮ ವಿಷಯ. ಲೂಕ ಬರೆದ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಮೂರು ಸಂಗತಿಗಳಿವೆ, ಗಮನಿಸಿ. ಒಂದು: ಯೇಸು ಏರಿಹೋದ ಮೇಲೂ ಶಿಷ್ಯರು ಬಾಯಿಬಿಟ್ಟುಕೊಂಡು ಆಕಾಶ ನೋಡುತ್ತಾ ನಿಂತಿರುತ್ತಾರೆ. ಬಿಳಿ ಬಟ್ಟೆಯ ಇಬ್ಬರು ಬಂದು, ಇಲ್ಲೇನು ಮೇಲೆ ನೋಡುತ್ತಾ ನಿಂತಿದ್ದೀರಿ ಅಂತ ಗದರಿಸಿ ಊರಿಗೆ ಕಳಿಸುತ್ತಾರೆ. ಎರಡು: ಸ್ತೆಫನನನ್ನು ಕಲ್ಲು ಹೊಡೆದು ಕೊಲ್ಲುವಾಗ ಅವನಿಗೆ ಕ್ರಿಸ್ತ ಕಾಣುತ್ತಾನೆ, ಕೂತಿರುವುದಿಲ್ಲ, ಎದ್ದು ನಿಂತಿರುತ್ತಾನೆ. ತನ್ನವನನ್ನು ಹೊಡೆಯುವಾಗ ಸಿಂಹಾಸನದಲ್ಲಿ ಕೂತಿರಲಾರದ ರಾಜ ಇವನು. ಮೂರು: ಕ್ರೈಸ್ತರನ್ನು ಹಿಡಿದು ಹೊಡೆಯಲು ಹೊರಟ ಸೌಲನನ್ನು ದಮಸ್ಕದ ದಾರಿಯಲ್ಲಿ ತಡೆದು, ನನ್ನನ್ನು ಯಾಕೆ ಹಿಂಸಿಸುತ್ತೀ ಅಂತ ಕೇಳುತ್ತಾನೆ. ನನ್ನ ಜನರನ್ನು ಅನ್ನುವುದಿಲ್ಲ, ನನ್ನನ್ನು ಅನ್ನುತ್ತಾನೆ. ಕೆಳಗೆ ಬಿದ್ದ ಏಟು ಮೇಲಿದ್ದವನ ಮೈಮೇಲೆ ಬಾಸುಂಡೆಯಾಗಿ ಏಳುತ್ತದೆ. ಇಂಥ ಆಕಾಶ ಒದೆ ತಿನ್ನುವವನಿಗೆ ದೂರದ್ದಲ್ಲ.

ಇದರ ಅಪಾಯ ರೋಮಿನ ಅಧಿಕಾರಿಗಳಿಗೆ ಬೇಗ ಅರ್ಥವಾಯಿತು. ಕ್ರಿ.ಶ. 112ರ ಸುಮಾರಿಗೆ, ಇಂದಿನ ತುರ್ಕಿಯ ಉತ್ತರ ಭಾಗವನ್ನು ಆಳುತ್ತಿದ್ದ ಪ್ಲಿನಿ, ಕ್ರೈಸ್ತರನ್ನು ತಾನು ಹೇಗೆ ವಿಚಾರಿಸುತ್ತೇನೆಂದು ಟ್ರೇಜನ್ ಚಕ್ರವರ್ತಿಗೆ ಪತ್ರ ಬರೆದ. ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಬೈದರೆ ಬಿಡುಗಡೆ. ಇಲ್ಲವಾದರೆ ಸಾವು. ನಿಜಾಂಶ ಹೊರತೆಗೆಯಲು ಅವನು ಚಿತ್ರಹಿಂಸೆ ಕೊಟ್ಟದ್ದು ಯಾರಿಗೆ ಗೊತ್ತೆ? ಇಬ್ಬರು ಗುಲಾಮ ಹೆಂಗಸರಿಗೆ. ಸಭೆಯಲ್ಲಿ ಅವರನ್ನು ಸೇವಕಿಯರು ಎಂಬ ಪದವಿಯ ಹೆಸರಿನಿಂದ ಕರೆಯುತ್ತಿದ್ದರಂತೆ. ಯಜಮಾನನ ಮನೆಯಲ್ಲಿ ಪಾತ್ರೆಪಡಗದ ಸಮಾನವಾದ ಹೆಣ್ಣಾಳು, ಸಭೆಯಲ್ಲಿ ಪದವಿಯುಳ್ಳವಳು. ಮೇಲಿನ ಸಿಂಹಾಸನ ಬದಲಾದದ್ದರ ಕೆಳಗಿನ ಗುರುತು ಇದು.

ಕ್ರಿ.ಶ. 155ರ ಆಸುಪಾಸಿನಲ್ಲಿ ಸ್ಮುರ್ನ ಪಟ್ಟಣದ ಮುದುಕ ಪೊಲಿಕಾರ್ಪನಿಗೆ, ಸೀಸರನೇ ಕರ್ತ ಅಂತ ಒಂದು ಮಾತು ಹೇಳಿ ಬದುಕಿಕೋ ಅಂದರು. ಅವನು ಹೇಳಲಿಲ್ಲ, ಸುಟ್ಟರು. ಅವನ ಸಾವಿನ ಕಥೆ ಬರೆದಿಟ್ಟ ಬರಹದ ಕೊನೆಯಲ್ಲಿ ತಾರೀಖು ಹಾಕುವ ರೀತಿಯೇ ಒಂದು ಬಂಡಾಯ. ಎಲ್ಲರೂ ಇಂಥ ಚಕ್ರವರ್ತಿಯ ಆಳ್ವಿಕೆಯ ಇಷ್ಟನೆಯ ವರ್ಷ ಅಂತ ಬರೆಯುವ ಕಾಲ. ಅಲ್ಲಿ ರಾಜ್ಯಪಾಲನ ಹೆಸರು ಬರೆದು, ಆಳುವ ಅರಸನ ಜಾಗದಲ್ಲಿ ಯೇಸು ಕ್ರಿಸ್ತನ ಹೆಸರು ಬರೆದಿದ್ದಾರೆ. ಕ್ರಿ.ಶ. 180ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸಿಲ್ಲಿ ಎಂಬ ಊರಿನ ಹನ್ನೆರಡು ಜನರ ತಲೆ ತೆಗೆದರು. ಏಳು ಗಂಡಸರು, ಐವರು ಹೆಂಗಸರು. ಅವರಲ್ಲೊಬ್ಬ, ಸ್ಪೆರಾಟಸ್, ಕಚೇರಿಯಲ್ಲಿ ನಿಂತು ಹೇಳಿದ್ದರ ಸಾರ ಇಷ್ಟು: ಕೊಂಡ ವಸ್ತುವಿಗೆ ತೆರಿಗೆ ಕಟ್ಟುತ್ತೇನೆ, ಕಳ್ಳತನ ಮಾಡಿಲ್ಲ, ಆದರೆ ಈ ಲೋಕದ ಸಾಮ್ರಾಜ್ಯವನ್ನು ನನ್ನ ಒಡೆಯ ಅಂತ ಒಪ್ಪುವುದಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಕ್ರಿ.ಶ. 312ರಲ್ಲಿ ಕಾನ್‌ಸ್ಟಂಟೈನ್ ಯುದ್ಧ ಗೆದ್ದು ಕ್ರಿಸ್ತನ ಕಡೆ ವಾಲಿದ. 313ರಿಂದ ಕ್ರೈಸ್ತರಿಗೆ ಕಿರುಕುಳ ತಪ್ಪಿತು. ನೆಮ್ಮದಿಯಾಯಿತು, ನಿಜ. ಅದಕ್ಕೆ ತೆತ್ತ ಬೆಲೆಯೂ ನಿಜ. 336ರಲ್ಲಿ ಚಕ್ರವರ್ತಿಯ ಎದುರಲ್ಲೇ ಭಾಷಣ ಮಾಡಿದ ಬಿಷಪ್ ಯುಸೇಬಿಯಸ್, ಈ ಭೂಮಿಯ ಅರಸೊತ್ತಿಗೆ ಆ ಪರಲೋಕದ ಅರಸೊತ್ತಿಗೆಯ ಪಡಿಯಚ್ಚು ಎಂದ. ನೋಡಿ ಹೇಗೆ ತಿರುಗಿತು! ಸೀಸರನಿಂದ ಕಿತ್ತುಕೊಂಡಿದ್ದ ಆಕಾಶವನ್ನು ಬಿಷಪ್ಪು ಮತ್ತೆ ಸೀಸರನಿಗೇ ಒಪ್ಪಿಸಿದ. ಮುಂದಿನ ಚಿತ್ರಗಳಲ್ಲಿ ಕ್ರಿಸ್ತ ರಾಜಪೋಷಾಕು ತೊಟ್ಟ. ಕೈಯ ಮೊಳೆಗಾಯ ಮರೆತುಹೋಯಿತು. ಗುಲಾಮಗಿರಿ ಇದ್ದ ಹಾಗೇ ಇತ್ತು.

ಗಾಯ ಮರೆತ ಈ ರಾಜನನ್ನೇ ಯುರೋಪಿನ ತೋಟದ ಮಾಲೀಕರು ಹಡಗಿನಲ್ಲಿ ವೆಸ್ಟ್ ಇಂಡೀಸಿಗೆ ಸಾಗಿಸಿದರು. 1807ರಲ್ಲಿ ಲಂಡನ್ನಿನಲ್ಲಿ, ಅಲ್ಲಿನ ನೀಗ್ರೋ ಗುಲಾಮರಿಗೆಂದೇ ಆಯ್ದ ಭಾಗಗಳ ಬೈಬಲ್ ಒಂದನ್ನು ಅಚ್ಚು ಹಾಕಿದರು. 1,189 ಅಧ್ಯಾಯಗಳ ಪೈಕಿ ಅದರಲ್ಲಿ ಉಳಿದದ್ದು 232 ಮಾತ್ರ. ಈಜಿಪ್ಟಿನ ಗುಲಾಮಗಿರಿಯಿಂದ ಜನ ಬಿಡುಗಡೆಯಾಗಿ ಹೊರಟ ಕಥೆ ಕತ್ತರಿಗೆ ಹೋಯಿತು. ಕ್ರಿಸ್ತನ ಆಳ್ವಿಕೆಯನ್ನೂ ಸಾಮ್ರಾಜ್ಯಗಳ ಪತನವನ್ನೂ ಹೇಳುವ ಪ್ರಕಟಣೆ ಪುಸ್ತಕ ಪೂರ್ತಿ ಮಾಯ. ಯಜಮಾನರಿಗೆ ವೇದಾಂತ ಗೊತ್ತಿಲ್ಲದಿದ್ದರೂ, ಯಾವ ಪುಟದಲ್ಲಿ ಮದ್ದಿನ ಪುಡಿ ಇದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಆದರೆ ಕತ್ತರಿಸಿದ ಪುಟಗಳ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಎಂಬ ಗುಲಾಮ ಬ್ಯಾಪ್ಟಿಸ್ಟ್ ಸಭೆಯ ಡೀಕನ್ ಆಗಿದ್ದ, ಓದು ಬಲ್ಲವನು. ಪ್ರಾರ್ಥನಾ ಕೂಟಗಳಲ್ಲೇ ಸಂಘಟನೆ ಕಟ್ಟಿದ. ಇಬ್ಬರು ಒಡೆಯರಿಗೆ ಒಬ್ಬ ಆಳು ದುಡಿಯಲಾರ, ನಮ್ಮ ಒಡೆಯ ಬೇರೆ ಇದ್ದಾನೆ ಅನ್ನುವುದು ಅವನ ವಾದ. 1831ರ ಕ್ರಿಸ್‌ಮಸ್ ಹೊತ್ತಿಗೆ ಸಾವಿರಾರು ಗುಲಾಮರು ಕಬ್ಬಿನ ಕೊಯ್ಲಿಗೆ ಕೈ ಹಚ್ಚಲಿಲ್ಲ, ಮುಷ್ಕರ ದಂಗೆಯಾಯಿತು. ಸರ್ಕಾರ 300ಕ್ಕೂ ಹೆಚ್ಚು ಜನರನ್ನು ಕೊಂದಿತು. 1832ರ ಮೇ 23ರಂದು ಶಾರ್ಪನನ್ನು ಗಲ್ಲಿಗೇರಿಸಿತು. ಮರುವರ್ಷ, 1833ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದುಮಾಡುವ ಕಾಯಿದೆ ಮಾಡಬೇಕಾಯಿತು. ಪರಿಹಾರದ ಎರಡು ಕೋಟಿ ಪೌಂಡು ಮಾತ್ರ ಯಜಮಾನರಿಗೆ ಹೋಯಿತು. ಬೆನ್ನು ಕೊಟ್ಟವರಿಗೆ ಬಿಡಿಗಾಸೂ ಇಲ್ಲ.

ನಮ್ಮ ನೆಲದ ಮಾತಿಗೆ ಬರೋಣ. ಜಾತಿಯ ಒದೆ ತಾಳಲಾರದೆ ಹಟ್ಟಿ, ಕೇರಿಗಳಿಂದ ಕ್ರಿಸ್ತನ ಸಭೆಗೆ ಹೋದವರು ಲಕ್ಷಾಂತರ ಜನ. ಜಾತಿ ಅವರ ಹಿಂದೆಯೇ ಗುಡಿಯ ಬಾಗಿಲು ದಾಟಿ ಚರ್ಚಿನ ಬಾಗಿಲಿಗೂ ಬಂತು. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕ್ರೈಸ್ತರ ಸ್ಮಶಾನದ ನಡುವೆಯೇ ಜಾತಿಯ ಗೋಡೆ ಎದ್ದಿತು. ಸತ್ತವರೆಲ್ಲ ಒಂದೇ ದಿನ ಏಳುತ್ತಾರೆ ಅಂತ ನಂಬುವವರು, ಏಳುವ ಹೊತ್ತಿಗೂ ಮುಟ್ಟಿಸಿಕೊಳ್ಳಬಾರದು ಅಂತ ಗೋಡೆ ಕಟ್ಟಿದರು! ಇತ್ತ ಸರ್ಕಾರ 1950ರ ರಾಷ್ಟ್ರಪತಿ ಆದೇಶದಲ್ಲಿ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಮತ್ತು ದಲಿತ ಮುಸ್ಲಿಮರು ಹೊರಗೇ ಉಳಿದರು. 1985ರಲ್ಲಿ ಮದ್ರಾಸಿನ ಬೀದಿಬದಿ ಚಪ್ಪಲಿ ಹೊಲಿಯುವ ಕ್ರೈಸ್ತನೊಬ್ಬ ಸುಪ್ರೀಂ ಕೋರ್ಟಿಗೆ ಹೋಗಿ ಸೋತ. ಮತ ಬದಲಿಸಿದ ಮೇಲೂ ಅಷ್ಟೇ ಕಷ್ಟ ಇದೆ ಎಂಬುದಕ್ಕೆ ಪುರಾವೆ ಸಾಲದು ಅಂದರು. ಈ ಅಡ್ಡಿ ತೆಗೆಯಿರಿ ಎಂದು ರಂಗನಾಥ ಮಿಶ್ರ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. 2022ರಲ್ಲಿ ಮತ್ತೊಂದು ಆಯೋಗ ನೇಮಿಸಿದರು.

ಬಾಬಾಸಾಹೇಬರು ಮತಾಂತರಗೊಂಡವರ ಸ್ಥಿತಿ ಕುರಿತು ಬರೆಯುತ್ತಾ ಒಂದು ಕಟು ಸತ್ಯ ಹೇಳಿದ್ದಾರೆ. ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಅಂತ ಕಲಿಸಿದರೆ, ಸುತ್ತಲಿನ ಸಮಾಜದ ಮೇಲೆ ಸಿಟ್ಟೇ ಹುಟ್ಟುವುದಿಲ್ಲ. ಸ್ವರ್ಗಾರೋಹಣವನ್ನೂ ಹಾಗೆಯೇ ಕಲಿಸಿದರು: ಅವನು ಮೇಲಿದ್ದಾನೆ, ನೀನು ಸುಮ್ಮನಿರು, ಸತ್ತ ಮೇಲೆ ಸುಖ ಸಿಗುತ್ತದೆ. ಇದಕ್ಕೆ ಎದುರಾಗಿ 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅರವಿಂದ ನಿರ್ಮಲ್ ಅಂಥವರು, ಕ್ರಿಸ್ತನೇ ದಲಿತ ಅಂತ ಸಭೆಗಳಿಗೆ ಕೇಳುವ ಹಾಗೆ ಹೇಳಿದರು. ಹಾಗಾದರೆ ಆಕಾಶದ ಸಿಂಹಾಸನದಲ್ಲಿ ಕೂತಿರುವುದು ದಲಿತ ಮೈ, ಗಾಯದ ಮೈ. ಆ ಮೈಯನ್ನು ಆರಾಧಿಸುವವರು ಕೇರಿಯ ಮೈಯನ್ನು ಹಿಂದಿನ ಬೆಂಚಿಗೆ ತಳ್ಳುವುದು ಹೇಗೆ?

ಕ್ರೈಸ್ತ ಗೆಳೆಯರೆ, ಸ್ವರ್ಗಾರೋಹಣದ ಹಬ್ಬದ ದಿನ ನಿಮ್ಮ ಪಾದ್ರಿಗಳನ್ನು ಈ ಪ್ರಶ್ನೆ ಕೇಳಿ. ಉಳಿದ ಗೆಳೆಯರೆ, ಅವರ ಆಕಾಶವನ್ನು ನೋಡಿ ನಗುವ ಮುಂಚೆ, ಪ್ಲಿನಿಯ ಕಚೇರಿಯಲ್ಲಿ ಏಟು ತಿಂದ ಆ ಇಬ್ಬರು ಹೆಣ್ಣಾಳುಗಳನ್ನು ನೆನೆಸಿಕೊಳ್ಳಿ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. 1950ರ ಆದೇಶದ ಆ ಸಾಲು ಅಳಿಸುವ ಹೋರಾಟ, ಸ್ಮಶಾನದ ಗೋಡೆ ಕೆಡಹುವ ಹೋರಾಟ ಅವರೊಬ್ಬರದೇ ಆಗಬಾರದು. ಮೇಲೆ ನೋಡುತ್ತಾ ನಿಲ್ಲಬೇಡಿ ಅಂತ ಅವರ ಪುಸ್ತಕವೇ ಹೇಳುತ್ತದೆ. ಊರೊಳಗೆ ಕೆಲಸ ಬಹಳ ಇದೆ.